ಉಮಕ್ಕನ ತೌಡಿನ ಪುಡಿ

ಗುಬ್ಬಿಯ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಷಡಕ್ಷರಿಯವರ ಹಿಟ್ಟಿನ ಮಿಲ್ಲು. ಮಿಲ್ಲಿನ ಗೋಡೆಗೆ ಅಂಟಿಕೊಂಡೇ ಮನೆ. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಉಮಾಮಹೇಶ್ವರಿ ಕಿಟಕಿ ಸರಳುಗಳ ಮೇಲಿನ ಹಿಟ್ಟಿನ ಧೂಳು ಒರೆಸುತ್ತಲೇ ಬಂದವಳು. ಮಿಲ್ಲಿಗೆ ಬರುವವರಿಗೆಲ್ಲ ಅವಳು ಉಮಕ್ಕ. ಯಾರ ಮನೆಯಲ್ಲಿ ಎಷ್ಟು ನುಣ್ಣಗೆ ಬೀಸಿದರೆ ಮೆಚ್ಚುತ್ತಾರೆ, ಯಾರು ರಾಗಿಗೆ ಒಂದು ಹಿಡಿ ಗೋಧಿ ಬೆರೆಸಿ ತರುತ್ತಾರೆ ಎನ್ನುವುದೆಲ್ಲ ಅವಳಿಗೆ ಬಾಯಿಪಾಠ. ಆದರೆ ಊರಿನಲ್ಲಿ ಯಾರೂ ಅವಳನ್ನು ಕೂರಿಸಿಕೊಂಡು ಒಂದು ಮಾತು ಕೇಳಿದವರಲ್ಲ. ಮಿಲ್ಲು ಷಡಕ್ಷರಿಯವರದು, ಮನೆ ಷಡಕ್ಷರಿಯವರದು, ಅವಳು ಷಡಕ್ಷರಿಯವರ ಹೆಂಡತಿ.

ಕೆಲವು ವರ್ಷಗಳ ಹಿಂದೆ ಷಡಕ್ಷರಿ ರಾಗಿಯ ಮೇಲ್ಸಿಪ್ಪೆ ತೆಗೆಯುವ ಪಾಲಿಶ್ ಮಿಷನ್ ತಂದು ಕೂರಿಸಿದರು. ಪೇಟೆಯವರಿಗೆ ಮುದ್ದೆಯೂ ಬೇಕು, ಆದರೆ ಅದು ಕಪ್ಪಗೂ ಇರಬಾರದು. ಮಿಷನ್ನಿನ ಒಂದು ಬಾಯಿಂದ ಬೆಳ್ಳಗಿನ ರಾಗಿ ಬೀಳುತ್ತಿತ್ತು, ಇನ್ನೊಂದು ಬಾಯಿಂದ ಕೆಂಪಗಿನ ತೌಡು. ತೌಡು ಮೂಟೆ ಸೇರಿ ಮೂಲೆ ಹಿಡಿಯುತ್ತಿತ್ತು. ಹಸು ಕಟ್ಟಿದವರು ಬಂದು ಒಯ್ಯುತ್ತಿದ್ದರು.

ಅಂಥ ತೌಡನ್ನು ಮನುಷ್ಯರು ತಿನ್ನಬಹುದು ಎಂದು ತುಮಕೂರಿನಲ್ಲಿ ನಡೆದ ತರಬೇತಿಯಲ್ಲಿ ಕೇಳಿದಾಗ ಉಮಕ್ಕನಿಗೆ ನಗು ಬಂದಿತ್ತು. ಅವಳಿದ್ದ ಮಹಿಳಾ ಸಂಘದಿಂದ ಒಬ್ಬರು ಹೋಗಲೇಬೇಕು ಎಂದು ಅವಳನ್ನು ತಳ್ಳಿ ಕಳಿಸಿದ್ದರು. ಹೇಳಿಕೊಡುತ್ತಿದ್ದವರು ಅನುಪಮಾ ಮೇಡಂ, ಆಹಾರ ವಿಜ್ಞಾನ ಓದಿದವರು, ಉಮಕ್ಕನಿಗಿಂತ ತುಂಬಾ ಚಿಕ್ಕವರು. ಅವರು ಒಂದು ಬಟ್ಟಲಲ್ಲಿ ತೌಡು ಹಿಡಿದು ಎಲ್ಲರ ಮುಂದೆ ತಂದರು.

"ಕಾಳಿನ ಸತ್ವ ಎಲ್ಲಾ ಇಲ್ಲೇ ಇರೋದು. ಕಬ್ಬಿಣ, ಸುಣ್ಣದಂಶ, ನಾರು. ಅದನ್ನ ಹಸೂಗೆ ಹಾಕಿ, ಒಳಗಿನ ಬಿಳಿ ಹಿಟ್ಟು ನಾವು ತಿಂತೀವಿ. ಆದ್ರೆ ನೆನಪಿಡಿ, ಈ ಸತ್ವಕ್ಕೆ ಬೀಗ ಬಿದ್ದಿರುತ್ತೆ. ಬೀಗ ತೆಗೀದೆ ತಿಂದ್ರೆ ಬಂದ ದಾರೀಲೇ ಹೊರಟುಹೋಗುತ್ತೆ. ಅಷ್ಟೇ ಅಲ್ಲ, ಸೊಪ್ಪಿಂದಾನೋ ಕಾಳಿಂದಾನೋ ಬಂದ ಕಬ್ಬಿಣಾನೂ ಹಿಡ್ಕೊಂಡು ಹೋಗ್ಬಿಡುತ್ತೆ."

ಬೀಗ ತೆಗೆಯುವ ಬಗೆಯನ್ನೂ ಅವರು ಮಾಡಿ ತೋರಿಸಿದರು. ಮಿಷನ್ನಿನಿಂದ ಬಿದ್ದ ದಿನವೇ ತೌಡನ್ನು ಜರಡಿ ಹಿಡಿದು ಹಬೆಯಲ್ಲಿ ಬೇಯಿಸಬೇಕು, ಇಲ್ಲದಿದ್ದರೆ ಕಮಟು ವಾಸನೆ ಹಿಡಿಯುತ್ತದೆ. ಆರಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಮತ್ತು ಸ್ವಲ್ಪ ಹುಳಿ ಮಜ್ಜಿಗೆ ಬೆರೆಸಿ ಮರುದಿನದವರೆಗೆ ಮುಚ್ಚಿಡಬೇಕು. ಮೊಳಕೆಯಲ್ಲಿರುವುದೇ ಕೀಲಿಕೈ. ಸತ್ವ ನೀರಿಗೆ ಇಳಿದಿರುವುದರಿಂದ ಆ ನೀರನ್ನು ಚೆಲ್ಲದೆ ಅದರಲ್ಲೇ ಕುದಿಸಿ ಹಿಂಗಿಸಬೇಕು, ನೆರಳಲ್ಲಿ ಒಣಗಿಸಿ ಪುಡಿ ಮಾಡಬೇಕು. ಕೊನೆಗೆ ಮೇಡಂ ಒಂದು ಮಾತು ಹೇಳಿದರು. "ಇದು ಊಟ. ಔಷಧಿ ಅಂತ ಯಾರಿಗೂ ಹೇಳ್ಬೇಡಿ."

ಉಮಕ್ಕ ಮನೆಗೆ ಬಂದು ಹಾಗೆಯೇ ಮಾಡಿದಳು. "ಮಾಡೋಕೆ ಬೇರೆ ಕೆಲ್ಸ ಇಲ್ವಾ ನಿಂಗೆ? ಸುಮ್ನೆ ತೌಡು ಕುಟ್ತಾ ಕೂತಿದೀಯ," ಎಂದು ಷಡಕ್ಷರಿ ನಕ್ಕರು. ಆದರೆ ಪುಡಿ ಬಾದಾಮಿ ಬಣ್ಣಕ್ಕೆ ತಿರುಗಿ, ಹುರಿದ ಹಿಟ್ಟಿನ ಘಮ ಕೊಟ್ಟಿತು. ರೊಟ್ಟಿಗೆ ಬೆರೆಸಿದರೆ ರೊಟ್ಟಿ ಮೆತ್ತಗಾಯಿತು, ಗಂಜಿ ಕಾಯಿಸಿದರೆ ಒಳ್ಳೆಯ ರುಚಿ ಬಂತು. ಮಿಲ್ಲಿಗೆ ಬಂದವರು ಕೇಳಿ ಒಯ್ದರು. ಒಯ್ದವರು ಇನ್ನೊಬ್ಬರಿಗೆ ಹೇಳಿದರು. ಚೇಳೂರಿನಿಂದ, ನಿಟ್ಟೂರಿನಿಂದ ಬಸ್ಸಿಳಿದು ಬಂದ ಹೆಂಗಸರು "ಪುಡಿ ಉಮಕ್ಕನ ಮನೆ ಯಾವ್ದು?" ಎಂದು ಓಣಿಯಲ್ಲಿ ಕೇಳುವಂತಾಯಿತು. ಮೊದಲ ಸಲ ಯಾರೋ ಅವಳ ಹೆಸರು ಹಿಡಿದು ಆ ಓಣಿಗೆ ಬಂದಿದ್ದರು.

ಮಗ ಸಂಗಮೇಶನ ಹೆಂಡತಿ ಅಕ್ಷತಾ ಆಗ ಬಸುರಿ. ಕುಣಿಗಲ್ಲಿನ ಹುಡುಗಿ. ತುಮಕೂರಿನ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದು, ದಿನಾ ಗುಬ್ಬಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಮಾತು ಕಡಿಮೆ. ಅತ್ತೆ ಒಂದು ಹೇಳಿದರೆ ಎದುರು ಆಡಿದವಳಲ್ಲ. ಪುಡಿಯ ಪೊಟ್ಟಣಕ್ಕೆ ಚೀಟಿ ಅಂಟಿಸುವ ಕೆಲಸವನ್ನು ಭಾನುವಾರಗಳಲ್ಲಿ ತಾನೇ ಕೂತು ಮಾಡುತ್ತಿದ್ದಳು.

ಆ ಬೇಸಗೆಯಲ್ಲಿ ಗುಬ್ಬಿಯ ಕಲ್ಯಾಣ ಮಂಟಪವೊಂದರಲ್ಲಿ ತಾಲ್ಲೂಕಿನ ಮಹಿಳಾ ಸಂಘಗಳ ಸಮಾವೇಶ ನಡೆಯಿತು. ಉಮಕ್ಕನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾಲ್ಕು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು. ಮೊದಲೆರಡು ಮಾತಿಗೆ ಅವಳು ತಡವರಿಸಿದಳು. ಯಾರೋ ನಕ್ಕರು, ಯಾರೋ ತಲೆದೂಗಿದರು. ಮಂಟಪದ ತುಂಬ ಹೆಂಗಸರು ತನ್ನನ್ನೇ ನೋಡುತ್ತಿದ್ದಾರೆ ಎಂಬುದು ತಿಳಿಯುತ್ತಿದ್ದಂತೆ ನಾಲಿಗೆ ಸಡಿಲವಾಯಿತು. ತೌಡಿನ ಸತ್ವದ ಬಗ್ಗೆ ಹೇಳಿದಳು. ಹಸು ಗಟ್ಟಿ, ನಾವು ಯಾಕೆ ಸೊರಗಿದ್ದೀವಿ ಗೊತ್ತಾ ಎಂದಳು. ಚಪ್ಪಾಳೆ ಬಿತ್ತು. ಇನ್ನೊಂದು ಚಪ್ಪಾಳೆ ಬೇಕು ಅನ್ನಿಸಿತು.

"ಯಾಕ್ರಮ್ಮಾ ಅಂಗಡಿ ಮಾತ್ರೆ? ನಮ್ಮ ಸೊಸೆ ಬಸ್ರಿ. ಇಲ್ಲೇ ಮುಂದ್ಗಡೆ ಕೂತವ್ಳೆ ನೋಡಿ. ರಕ್ತ ಆಗೋಕೆ ಅಂತ ಅವ್ಳಿಗೆ ನಾನು ಒಂದು ಮಾತ್ರೆ ಮುಟ್ಟಿಸಿಲ್ಲ. ಬರೀ ನಮ್ಮ ತೌಡಿನ ಪುಡಿ! ಮುಖ ನೋಡಿ, ಹೆಂಗೆ ಕಳಕಳ ಅಂತೈತೆ!"

ಎಲ್ಲರೂ ತಿರುಗಿ ಅಕ್ಷತಾಳನ್ನು ನೋಡಿದರು. ಅವಳು ನಾಚಿ ತಲೆ ತಗ್ಗಿಸಿ ನಕ್ಕಳು. ಮಂಟಪದ ತುಂಬ ಚಪ್ಪಾಳೆ.

ಅದು ಸುಳ್ಳಾಗಿತ್ತು. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಅಕ್ಷತಾ ರಾತ್ರಿ ಊಟದ ಮೇಲೆ ತಪ್ಪದೆ ನುಂಗುತ್ತಿದ್ದಳು. ನೀರಿನ ಲೋಟ ತಂದು ಕೈಗೆ ಕೊಡುತ್ತಿದ್ದವಳೇ ಉಮಕ್ಕ. ಮನೆಗೆ ನಡೆದು ಬರುವಾಗ ಸೊಸೆಗೆ ಏನಾದರೂ ಹೇಳಬೇಕು, ಜನಕ್ಕೆ ನಾಟಲಿ ಅಂತ ಒಂದು ಮಾತು ಜಾಸ್ತಿ ಆಡಿದೆ ಅನ್ನಬೇಕು ಎಂದುಕೊಂಡಳು. ಬಾಯಿ ಬರಲಿಲ್ಲ. ಅಕ್ಷತಾಳೂ ಏನೂ ಕೇಳಲಿಲ್ಲ. ಮನೆಗೆ ಬಂದು ಅತ್ತೆಯ ಶಾಲನ್ನು ಮಡಚಿ ಬೀರುವಿನಲ್ಲಿಟ್ಟಳು, ಅಷ್ಟೇ.

ಅಲ್ಲಿಂದ ಪುಡಿಗೆ ಬೇಡಿಕೆ ಮಿತಿ ಮೀರಿತು. ಅದೇ ಹೊತ್ತಿಗೆ ಮಳೆಯೂ ಹಿಡಿಯಿತು. ಒದ್ದೆ ತೌಡು ಒಣಗಲೊಲ್ಲದು, ಮೊಳಕೆ ಕಟ್ಟಲು ಬಟ್ಟೆಯಲ್ಲಿಟ್ಟ ರಾಗಿಗೆ ಬೂಸಲು ಬಂತು. ಬಾಗಿಲಲ್ಲಿ ಹೆಂಗಸರು ಕಾಯುತ್ತಿದ್ದರು. ಒಂದು ಬೆಳಿಗ್ಗೆ ಉಮಕ್ಕ ನೆನೆಸುವ ಕೆಲಸವನ್ನೇ ಬಿಟ್ಟು, ಹಸಿ ತೌಡನ್ನು ಹಾಗೇ ಬಾಣಲೆಯಲ್ಲಿ ಹುರಿದು ಪುಡಿ ಮಾಡಿದಳು. ಘಮ ಅದೇ ಬಂತು. ಬಣ್ಣವೂ ಹೆಚ್ಚುಕಡಿಮೆ ಅದೇ. ಸತ್ವ ಅದರಲ್ಲೇ ಇರುತ್ತದಲ್ಲ, ಎಲ್ಲಿಗೆ ಹೋಗುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಮೇಡಂ ಹೇಳಿದ ಬೀಗದ ಮಾತು ನೆನಪಾಗದೆ ಇರಲಿಲ್ಲ. ಮಳೆ ನಿಂತ ಮೇಲೆ ಮತ್ತೆ ಸರಿಯಾಗಿ ಮಾಡಿದರಾಯಿತು ಅಂದುಕೊಂಡಳು. ಮಳೆ ನಿಂತ ಮೇಲೂ ಬಾಣಲೆಯೇ ನಡೆಯಿತು. ಅದೇ ಡಬ್ಬಿಯ ಪುಡಿಯ ಗಂಜಿ ಬೆಳಿಗ್ಗೆ ಅಕ್ಷತಾಳಿಗೂ ಹೋಗುತ್ತಿತ್ತು. ಸೊಸೆಗಾದರೂ ಬೇರೆ ನೆನೆಸಿ ಮಾಡಬೇಕೆಂದು ಒಂದೆರಡು ಸಲ ಮನಸ್ಸಿಗೆ ಬಂದು, ಕೆಲಸದ ಗಲಾಟೆಯಲ್ಲಿ ಮರೆತುಹೋಯಿತು. ರಾತ್ರಿಯ ಹೊತ್ತು ಪೊಟ್ಟಣ ಕಟ್ಟುವ ಕೆಲಸ ಇರುತ್ತಿದ್ದರಿಂದ ನೀರಿನ ಲೋಟ ಕೊಡುವುದೂ ನಿಂತಿತ್ತು.

ಏಳನೇ ತಿಂಗಳಲ್ಲಿ ಅಕ್ಷತಾ ಗುಬ್ಬಿ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಕೂತುಬಿಟ್ಟಳು. ಜೊತೆಯಲ್ಲಿದ್ದವರು ಹಿಡಿದುಕೊಳ್ಳದಿದ್ದರೆ ಉರುಳುತ್ತಿದ್ದಳು. ಸಂಗಮೇಶ ಕಾರು ಮಾಡಿಕೊಂಡು ತುಮಕೂರಿನ ನರ್ಸಿಂಗ್ ಹೋಮಿಗೆ ಕರೆದೊಯ್ದ. ಉಮಕ್ಕ ಹಿಂದಿನ ಸೀಟಿನಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವಳ ತುಟಿ ಹಿಟ್ಟು ಬಳಿದಂತೆ ಬೆಳ್ಳಗಿರುವುದು ಆಗ ಕಣ್ಣಿಗೆ ಬಿತ್ತು. ಇಷ್ಟು ದಿನ ಒಂದೇ ಮನೆಯಲ್ಲಿದ್ದು ಇದು ಹೇಗೆ ಕಾಣಲಿಲ್ಲ ಎಂದು ತನ್ನನ್ನೇ ಕೇಳಿಕೊಂಡಳು.

ಡಾಕ್ಟರಮ್ಮ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು.

"ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗೆ ಇಳಿದಿದೆ. ಹಿಂದಿನ ಸಲ ಬಂದಾಗ ಚೆನ್ನಾಗಿತ್ತಲ್ಲ. ಅಕ್ಷತಾ, ಮಾತ್ರೆ ದಿನಾ ತಗೊಂಡ್ರಾ?"

"ತಗೊಂಡೆ ಮೇಡಂ," ಎಂದಳು ಅಕ್ಷತಾ.

"ಬಿಟ್ಟಿಲ್ಲ ತಾನೆ?"

"ಇಲ್ಲ ಮೇಡಂ."

"ಮಾತ್ರೆ ತಗೊಂಡೂ ಹೀಗಾಗಿದೆ ಅಂದ್ರೆ ಬೇರೆ ಏನೋ ಇರಬೇಕು. ವಂಶದಲ್ಲಿ ಬರೋ ರಕ್ತದ ತೊಂದರೆ ಇರಬಹುದು. ಬೆಂಗಳೂರಿಗೆ ಸ್ಯಾಂಪಲ್ ಕಳಿಸೋಣ. ನಿಮ್ಮದೂ ಬೇಕಾಗುತ್ತೆ," ಎಂದು ಸಂಗಮೇಶನ ಕಡೆ ನೋಡಿದರು. ಅವನು ಗೋಡೆಗೆ ಒರಗಿ ನಿಂತ. "ಅಡ್ಮಿಟ್ ಆಗ್ಲಿ. ರಕ್ತ ಕೊಡೋದಾ ಬೇಡ್ವಾ ಅಂತ ಆಮೇಲೆ ನೋಡೋಣ."

ಸಂಗಮೇಶ ಬಿಲ್ಲಿನ ಕೌಂಟರಿಗೆ ಹೋದಾಗ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಉಮಕ್ಕ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡಳು.

"ಅಕ್ಷತಾ, ನಿಜ ಹೇಳು ಕಣೇ. ಮಾತ್ರೆ ತಗೋತಿದ್ದೆ ತಾನೆ?"

ಅಕ್ಷತಾ ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಾ ಮಲಗಿದ್ದಳು.

"ನೀವೇ ಹೇಳಿದ್ರಲ್ಲ ಅತ್ತೆ. ಸ್ಟೇಜ್ ಮೇಲೆ."

"ಅಯ್ಯೋ! ಅದು ಸುಮ್ನೆ ಬಾಯಿಗೆ ಬಂದಿದ್ದು ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಆದ್ರೆ ಅಷ್ಟು ಜನದ ಮುಂದೆ ಹೇಳಿದ್ರಿ. ಮಾರನೇ ದಿನದಿಂದ ರೈಲಲ್ಲಿ ಎಲ್ರೂ ನನ್ನೇ ಕೇಳೋರು, ಹೌದೇನಮ್ಮ, ನಿಜಾನಾ ಅಂತ. ನಾನು ಮನೇಲಿ ಮಾತ್ರೆ ತಿಂದು ಅಲ್ಲಿ ಹೌದು ಅಂತ ಹೇಳೋದು ಹೆಂಗೆ ಅತ್ತೆ? ನಿಮ್ಮ ಮಾತು ಸುಳ್ಳಾಗೋದು ಬೇಡ ಅಂತ ಬಿಟ್ಬಿಟ್ಟೆ. ಆ ಮಾತ್ರೆ ತಿಂದ್ರೆ ಹೊಟ್ಟೆ ತೊಳಸೋದು ಬೇರೆ. ಹೆಂಗೂ ಪುಡಿ ಕುಡೀತಿದೀನಲ್ಲ ಅಂದ್ಕೊಂಡೆ."

ತೌಡು ನೆನೆಸದೆ ಬಿಟ್ಟ ಬೆಳಿಗ್ಗೆಗಳು ಒಂದರ ಹಿಂದೊಂದು ಉಮಕ್ಕನ ಕಣ್ಣ ಮುಂದೆ ಬಂದವು. ಹುಡುಗಿ ಮಾತ್ರೆ ಬಿಟ್ಟಿದ್ದಳು, ಅದರ ಬದಲಿಗೆ ನಂಬಿ ಕುಡಿದದ್ದು ಬೀಗ ತೆಗೆಯದ ತೌಡು.

"ಡಾಕ್ಟ್ರಿಗೆ ಯಾಕೆ ತಗೊಂಡೆ ಅಂದೆ?"

"ಇಲ್ಲ ಅಂದ್ರೆ ಯಾಕೆ ಅಂತಾರೆ. ಇವ್ರಿಗೆ ಗೊತ್ತಾದ್ರೆ ನಿಮ್ಮ ಮೇಲೆ ರೇಗಾಡ್ತಾರೆ. ಹೇಳ್ಬೇಡಿ ಅತ್ತೆ. ನಾಳೆಯಿಂದ ನಾನು ತಗೋತೀನಿ. ಎಲ್ಲಾ ಸರಿಹೋಗುತ್ತೆ."

ಹೇಳಬೇಡಿ ಎಂಬ ಮಾತು ಕೇಳಿದಾಗ ಉಮಕ್ಕನ ಎದೆಯೊಳಗೆ ಏನೋ ಹಗುರಾಯಿತು. ಸದ್ಯ, ಯಾರಿಗೂ ಗೊತ್ತಾಗುವುದಿಲ್ಲ. ಆ ಸಮಾಧಾನ ಒಂದು ಗಳಿಗೆಯದು. ಅದು ಬಂದದ್ದು ತನಗೇ ತಿಳಿದಾಗ, ಬಾಯಲ್ಲಿ ಏನೋ ಕಹಿ ಹತ್ತಿದಂತೆ ಮೋರೆ ಸಿಂಡರಿಸಿದಳು. ಆದರೂ ಎದ್ದು ಡಾಕ್ಟರ ಕೋಣೆಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸು ಬಂದು ಬೆಂಗಳೂರಿಗೆ ಕಳಿಸಬೇಕೆಂದು ಅಕ್ಷತಾಳ ತೋಳಿನಿಂದ ಇನ್ನೊಂದಿಷ್ಟು ರಕ್ತ ತೆಗೆದಳು. ನರ ಸಿಗದೆ ಎರಡು ಕಡೆ ಚುಚ್ಚಿದಳು. ಉಮಕ್ಕ ಸೊಸೆಯ ಇನ್ನೊಂದು ಕೈ ಹಿಡಿದುಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಳು. ಇಲ್ಲದ ಕಾಯಿಲೆ ಹುಡುಕಲು ಇರುವ ರಕ್ತವನ್ನೂ ತೆಗೆಯುತ್ತಿದ್ದಾರೆ. ಬೇಡಿ ಎನ್ನಲು ಒಂದು ಮಾತು ಸಾಕಿತ್ತು. ಆಡಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಷತಾಳ ತಾಯಿ ಹೊಂಬಾಳಮ್ಮ ಕುಣಿಗಲ್ಲಿನಿಂದ ಹೆಬ್ಬೂರಿನ ಮೇಲೆ ಬರುವ ಮೊದಲ ಬಸ್ಸಿಗೆ ಬಂದರು. ಗಂಡ ಇಲ್ಲದ ಹೆಂಗಸು. ತೋಟ, ಹಸು ಎಲ್ಲ ತಾನೇ ನೋಡಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಮದುವೆಯಲ್ಲಿ ತಲೆಯೆತ್ತಿಕೊಂಡು ಓಡಾಡಿದ್ದ ಅವರು ಅಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ರೀತಿಯೇ ಬೇರೆ. ಮಗಳ ಹಣೆ ಮುಟ್ಟಿ, ಎರಡು ಮಾತಾಡಿಸಿ, ಉಮಕ್ಕನನ್ನು ಕಾರಿಡಾರಿಗೆ ಕರೆದರು.

"ಬೀಗ್ರೇ, ನಿಮ್ಮ ಹತ್ರ ಒಂದ್ ಮಾತು ಹೇಳ್ಬೇಕು. ತಪ್ಪು ತಿಳ್ಕೋಬೇಡಿ."

"ಹೇಳಿ."

"ಅಳಿಯಂದ್ರು ಫೋನಲ್ಲಿ ಹೇಳಿದ್ರು, ವಂಶದಲ್ಲಿ ಬರೋ ಕಾಯ್ಲೆ ಇರ್ಬೋದು ಅಂತ. ಅಕ್ಷತಾಗಿಂತ ಮುಂಚೆ ನಂಗೊಂದು ಮಗ ಇತ್ತು. ಬೆಳ್ಳಗೆ ಆಗ್ತಾ ಆಗ್ತಾ ಹೋಗ್ಬುಡ್ತು. ಏನಂತ ಯಾರೂ ಹೇಳ್ಲಿಲ್ಲ. ಮದ್ವೆ ಮಾತಾಡೋವಾಗ ನಾವು ಅದನ್ನ ನಿಮ್ಗೆ ಹೇಳ್ಲಿಲ್ಲ." ಹೊಂಬಾಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ಮುಚ್ಚಿಡ್ಬೇಕು ಅಂತಲ್ಲ. ಹಳೇದು, ಯಾಕೆ ಎತ್ತೋದು ಅಂತ ಬುಟ್ವಿ. ಈಗ ನಿಮ್ಮ ಮನೆ ಕೂಸಿಗೂ ಅದು ಬಂದ್ರೆ ನಾನು ನಿಮ್ಗೆ ಹೆಂಗೆ ಮುಖ ತೋರ್ಸಲಿ? ನಮ್ಮಿಂದ ತಪ್ಪಾಯ್ತು. ನನ್ನ ಮಗಳನ್ನ ಮಾತ್ರ ಬೇಡ ಅನ್ಬೇಡಿ."

ಹೀಗೆ ಹೇಳಿ, ವಯಸ್ಸಿನಲ್ಲಿ ತನಗಿಂತ ಹಿರಿಯರಾದ ಆ ಹೆಂಗಸು ಕೈ ಮುಗಿಯಲು ಹೋದರು. ಉಮಕ್ಕ ಆ ಕೈಗಳನ್ನು ಹಿಡಿದುಕೊಂಡಳು. ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದಳು.

"ಕೈ ಮುಗೀಬೇಡಿ. ನಿಮ್ಮ ರಕ್ತದಲ್ಲಿ ಏನೂ ಇಲ್ಲ. ತಪ್ಪು ನಂದು."

"ನಿಮ್ದೇನು ತಪ್ಪು?"

ಉಮಕ್ಕ ಹೇಳಿದಳು. ವೇದಿಕೆ, ಮೈಕು, ಚಪ್ಪಾಳೆ, ಸೊಸೆ ಮಾತ್ರೆ ಬಿಟ್ಟದ್ದು, ಯಾಕೆ ಬಿಟ್ಟದ್ದು, ತಾನು ತೌಡು ನೆನೆಸುವುದನ್ನು ಬಿಟ್ಟದ್ದು. ಹಿಂದೆ ಮುಂದೆ ಆಗಿ, ಒಂದಕ್ಕೊಂದು ಸೇರದೆ ಬಂತು. ಕೊನೆಗೆ, "ನಿನ್ನೇನೇ ನಂಗೆ ಗೊತ್ತಾಯ್ತು. ನಿನ್ನೇನೇ ಹೇಳ್ಬೇಕಿತ್ತು," ಎಂದಳು.

ಹೊಂಬಾಳಮ್ಮ ಕೈ ಬಿಡಿಸಿಕೊಂಡರು. ಅಲ್ಲಿದ್ದ ಬೆಂಚಿನ ಮೇಲೆ ಕೂತರು.

"ಅಂದ್ರೆ ನಮ್ಮ ವಂಶದ್ದು ಅಲ್ಲ?"

"ಅಲ್ಲ."

"ನಿನ್ನೆ ಸಾಯಂಕಾಲದಿಂದ ನಾನು ಆ ಸತ್ತ ಮಗೀನ ನೆನಸ್ಕೊಂಡು ಒಂದು ತುತ್ತು ಉಂಡಿಲ್ಲ," ಎಂದರು. ಸ್ವರ ಏರಲಿಲ್ಲ. "ನಂದೇ ಪಾಪ ಇವ್ಳಿಗೂ ಸುತ್ಕೊಂತು ಅಂತ ಬಸ್ಸಲ್ಲಿ ಅತ್ಕೊಂಡು ಬಂದೆ. ನೀವು ಇಲ್ಲಿ ಗೊತ್ತಿದ್ದೂ ಸುಮ್ನೆ ಕೂತಿದ್ರಿ."

ಉಮಕ್ಕ ನಿಂತೇ ಇದ್ದಳು. ಬೆಂಚಿನಲ್ಲಿ ಜಾಗವಿತ್ತು, ಕೂರಲಾಗಲಿಲ್ಲ.

"ಮೊದ್ಲು ಡಾಕ್ಟ್ರಿಗೆ ಹೇಳಿ ಹೋಗಿ," ಎಂದರು ಹೊಂಬಾಳಮ್ಮ ಮುಖ ಆಚೆ ತಿರುಗಿಸಿ. "ನನ್ನ ಹತ್ರ ಏನು?"

ಡಾಕ್ಟರಮ್ಮನ ಮುಂದೆ ಎರಡನೇ ಸಲ ಹೇಳುವುದು ಸುಲಭವಾಗಿರಲಿಲ್ಲ. ಸಂಗಮೇಶನೂ ಅಲ್ಲೇ ಇದ್ದ. ಡಾಕ್ಟರಮ್ಮ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡು, ಫೋನ್ ಎತ್ತಿ ಬೆಂಗಳೂರಿಗೆ ಹೋಗಬೇಕಿದ್ದ ಸ್ಯಾಂಪಲ್ ತಡೆಯಲು ಹೇಳಿದರು. ಆಮೇಲೆ ಉಮಕ್ಕನ ಕಡೆ ತಿರುಗಿದರು.

"ನೋಡಿ ಅಮ್ಮ, ನೆನೆಸದೆ ಹುರಿದ ತೌಡು ಕಬ್ಬಿಣಾನ ಮೈಗೆ ಹತ್ತೋಕೆ ಬಿಡಲ್ಲ. ದಿನಾ ಬೆಳಿಗ್ಗೆ ಅದನ್ನೇ ಕುಡಿದಿದಾರೆ, ಮಾತ್ರೆನೂ ಇಲ್ಲ, ಒಳಗೆ ಮಗು ಬೆಳೀತಿದೆ. ರಕ್ತ ಎಲ್ಲಿಂದ ಬರಬೇಕು? ನೀವು ಸರಿಯಾಗಿ ನೆನೆಸಿ ಮಾಡಿದ್ರೂ ಬಸುರಿಗೆ ಮಾತ್ರೆ ಬಿಡಿಸೋ ಹಾಗಿಲ್ಲ. ಊಟ ಬೇರೆ, ಔಷಧಿ ಬೇರೆ." ಮತ್ತೆ ಕೇಳಿದರು, "ನಿಮ್ಮ ಭಾಷಣ ಕೇಳಿದ ಬಸುರಿಯರು ಇನ್ನು ಯಾರ್ಯಾರಿದ್ದಾರೆ?"

ಆ ಪ್ರಶ್ನೆ ಉಮಕ್ಕನಿಗೆ ಹೊಳೆದೇ ಇರಲಿಲ್ಲ.

ಕಬ್ಬಿಣದ ಅಂಶವನ್ನು ಡ್ರಿಪ್ಪಿನಲ್ಲಿ ಕೊಡಲು ಶುರುಮಾಡಿದರು. ರಕ್ತ ಕೊಡುವ ಅಗತ್ಯ ಬೀಳಲಿಲ್ಲ. ಸಂಗಮೇಶ ತಾಯಿಯನ್ನು ಬೈಯಲಿಲ್ಲ. "ಅಮ್ಮ, ನೀನು ಊರಿಗೆ ಹೋಗು. ಇಲ್ಲಿ ಅತ್ತೆ ಇರ್ತಾರೆ," ಎಂದಷ್ಟೇ ಹೇಳಿದ. ಅಕ್ಷತಾಳನ್ನು ನರ್ಸಿಂಗ್ ಹೋಮಿನಿಂದ ನೇರ ಕುಣಿಗಲ್ಲಿಗೆ ಕರೆದೊಯ್ಯುವುದೆಂದು ಹೊಂಬಾಳಮ್ಮ ಅವನಿಗೇ ತಿಳಿಸಿದರು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕಾದ್ದು ಸರಿಯೇ. ಆದರೆ ಸೀಮಂತ ಮಾಡಿ, ಮಡಿಲು ತುಂಬಿ ಕಳಿಸಬೇಕಿತ್ತು. ಆಸ್ಪತ್ರೆಯ ಬಾಗಿಲಿಂದ ಹೀಗೆ ಕರೆದೊಯ್ಯುವುದರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತು ಇತ್ತು. ಉಮಕ್ಕ ಸೊಸೆಯ ತಲೆ ಸವರಿ ಬಂದಳು. "ಯಾಕೆ ಹೇಳಿದ್ರಿ ಅತ್ತೆ?" ಎಂದು ಅಕ್ಷತಾ ಅತ್ತಳು.

ಗುಬ್ಬಿಗೆ ಬಂದವಳೇ ಗಂಡನಿಗೆ ಎಲ್ಲ ಹೇಳಿದಳು. ಷಡಕ್ಷರಿ ಮಿಷನ್ ಆಫ್ ಮಾಡಿ ಕೇಳಿದರು. ಕೈಯ ಹಿಟ್ಟು ಕೊಡವಿಕೊಂಡು ಒಳಗೆ ಹೋದರು. ಊಟಕ್ಕೂ ಬರಲಿಲ್ಲ. ಮರುದಿನ ಬೆಳಿಗ್ಗೆ ಉಮಕ್ಕ ಚೇಳೂರಿನ ಬಸ್ಸಿಗೆಂದು ಚೀಲ ಹಿಡಿದು ಹೊರಟಾಗ ಸ್ಕೂಟರ್ ತಂದು ಮುಂದೆ ನಿಲ್ಲಿಸಿದರು.

"ಹತ್ತು."

"ಮಿಲ್ಲು?"

"ಇವತ್ತು ಇಲ್ಲ ಅಂತ ಬೋರ್ಡ್ ಹಾಕಿದೀನಿ. ಹತ್ತು ಮೊದ್ಲು."

ಪುಡಿ ಒಯ್ದವರ ಮನೆಗಳನ್ನು ನೆನಪು ಮಾಡಿಕೊಂಡು ಮಾಡಿಕೊಂಡು ಇಬ್ಬರೂ ಸುತ್ತಿದರು. ಷಡಕ್ಷರಿ ಬೀದಿಯಲ್ಲಿ ಸ್ಕೂಟರ್ ಮೇಲೆ ಕೂತಿರುವರು, ಉಮಕ್ಕ ಒಳಗೆ ಹೋಗುವಳು. ಪ್ರತಿ ಬಾಗಿಲಲ್ಲೂ ಮೊದಲು ಆದರದ ಸ್ವಾಗತ. "ಬನ್ನಿ ಉಮಕ್ಕ, ಬಡವರ ಮನೆಗೆ ನೀವೇ ಬಂದ್ರಲ್ಲ!" ಆ ಆದರವೇ ಅವಳನ್ನು ಇರಿಯುತ್ತಿತ್ತು. ಕೊಟ್ಟ ಮಣೆಯ ಮೇಲೆ ಕೂತು, ತಂದಿಟ್ಟ ಮಜ್ಜಿಗೆ ಮುಟ್ಟುವ ಮೊದಲೇ ಹೇಳಿಬಿಡುತ್ತಿದ್ದಳು. "ಸಮಾವೇಶದಲ್ಲಿ ನಾನು ಸುಳ್ಳು ಹೇಳಿದ್ದೆ. ನಮ್ಮ ಸೊಸೆ ಆವಾಗ ಮಾತ್ರೆ ತಗೋತಿದ್ಲು. ಆಮೇಲೆ ನನ್ನ ಮಾತಿಗೆ ಬಿಟ್ಟು ಆಸ್ಪತ್ರೆ ಸೇರಿದಾಳೆ. ಮಳೆ ಶುರುವಾದ ಮೇಲೆ ಕೊಟ್ಟ ಪುಡೀನೂ ಸರಿಯಾಗಿ ಮಾಡಿದ್ದಲ್ಲ. ವಾಪಸ್ ಕೊಡಿ."

ಕೆಲವರು ಅಯ್ಯೋ ಎಂದು ಮರುಗಿದರು. ಒಬ್ಬಾಕೆ ಪೊಟ್ಟಣವನ್ನು ಅವಳ ಕಾಲ ಬಳಿ ಎಸೆದು ಬಾಗಿಲು ಹಾಕಿಕೊಂಡಳು. ಚೇಳೂರಿನ ಮುದುಕಿ ಚಿಕ್ಕಮಾರಮ್ಮ ಮಾತ್ರ ಕೇಳಿ ಗೊಳ್ಳನೆ ನಕ್ಕಳು. "ನಾನೇನು ಬಸ್ರೀನಾ? ಇದು ಕುಡಿದ್ಮೇಲೆ ನನ್ನ ಮಂಡಿನೋವೇ ಹೋಗೈತೆ. ನಾ ಕೊಡಲ್ಲ ಬುಡು!" ಎಂದು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮಂಡಿನೋವಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಉಮಕ್ಕ ಎಷ್ಟು ಹೇಳಿದರೂ ಮುದುಕಿ ಒಪ್ಪಲಿಲ್ಲ. ತಾನು ಬಿತ್ತಿದ ನಂಬಿಕೆಯನ್ನು ತಾನೇ ಕೀಳಲಾಗದೆ ಅಲ್ಲಿಂದ ಎದ್ದು ಬಂದಳು.

ನಿಟ್ಟೂರಿನಲ್ಲಿ ದೀಪಿಕಾ ಎಂಬ ಹುಡುಗಿ ಬಾಗಿಲು ತೆಗೆದಳು. ಹೊಟ್ಟೆ ಆಗತಾನೇ ಕಾಣತೊಡಗಿತ್ತು. ಉಮಕ್ಕನ ಮಾತು ಮುಗಿಯುವಷ್ಟರಲ್ಲಿ ಅವಳ ಮುಖ ಸಣ್ಣದಾಯಿತು.

"ನಾನೂ ಬಿಟ್ಟಿದೀನಿ ಆಂಟಿ. ಮಾತ್ರೆ ಕೊಡೋ ಆಶಾ ಅಕ್ಕ ಬಂದಾಗ್ಲೆಲ್ಲ ತಗೋತಿದೀನಿ ಅಂತ ಸುಳ್ಳು ಹೇಳ್ತಿದ್ದೆ."

ಒಳಗಿನಿಂದ ಅವಳ ಅತ್ತೆ ಬಂದಳು. ಕೇಳಿ ತಿಳಿದುಕೊಂಡು ಸೊಂಟದ ಮೇಲೆ ಕೈಯಿಟ್ಟಳು. "ಏನ್ರೀ, ನಿಮ್ಮ ಸೊಸೇಗೇ ಕೊಡ್ತಿದೀನಿ ಅಂದ್ರಲ್ಲ ಅಂತ ನಂಬಿದ್ವಿ. ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ. ಸ್ವಂತ ಸೊಸೆ ಹೆಸ್ರು ಹೇಳಿ ಯಾರಾದ್ರೂ ಸುಳ್ಳು ಹೇಳ್ತಾರಾ?"

"ನಾನು ಹೇಳ್ದೆ," ಎಂದಳು ಉಮಕ್ಕ.

ಆ ಹೆಂಗಸು ಇನ್ನೂ ಏನೇನೋ ಅಂದಳು. ಬೀದಿಯವರು ಕಿಟಕಿಯಲ್ಲಿ ನಿಂತು ನೋಡಿದರು. ಷಡಕ್ಷರಿ ಸ್ಕೂಟರಿಂದ ಇಳಿದು ಬಂದು ಹೆಂಡತಿಯ ಪಕ್ಕ ನಿಂತುಕೊಂಡರು. ಅವರೂ ತಲೆ ತಗ್ಗಿಸಿ ಬೈಗುಳ ಕೇಳಿದರು. ಎಲ್ಲ ಮುಗಿದ ಮೇಲೆ, "ಹುಡುಗೀನ ಇವತ್ತೇ ರಕ್ತ ಪರೀಕ್ಷೆಗೆ ಕರ್ಕೊಂಡ್ ಹೋಗಿ ತಾಯಿ," ಎಂದರು. ದೀಪಿಕಾಳ ರಕ್ತ ಸ್ವಲ್ಪವೇ ಇಳಿದಿದೆ, ಮಾತ್ರೆ ಮತ್ತೆ ಶುರುಮಾಡಿದ್ದಾಳೆ ಎಂದು ವಾರದೊಳಗೆ ಸುದ್ದಿ ಬಂತು.

ವಾಪಸು ಬಂದ ಪುಡಿಯೆಲ್ಲ ಗೊಬ್ಬರದ ಗುಂಡಿಗೆ ಹೋಯಿತು. ಉಮಕ್ಕ ಅನುಪಮಾ ಮೇಡಂಗೆ ಫೋನ್ ಮಾಡಿದಳು, ಬೈಸಿಕೊಳ್ಳಲೆಂದೇ. ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಉಮಕ್ಕ, ನೀವು ಮಾಡಿದ್ದು ದೊಡ್ಡ ತಪ್ಪು. ನನ್ನ ಪಾಠದಲ್ಲೂ ಕಡಿಮೆ ಇತ್ತೇನೋ. ಬಸುರಿಯರ ವಿಷಯ ನಾನು ಬಿಡಿಸಿ ಹೇಳಲಿಲ್ಲ. ಆದ್ರೆ ತೌಡಿನಲ್ಲಿ ತಪ್ಪಿಲ್ಲ. ಮುಂದೆ ಮಾಡೋದಾದ್ರೆ ನೆನೆಸಿ ಮಾಡಿ, ಇಲ್ಲ ಮಾಡ್ಲೇಬೇಡಿ," ಎಂದರು.

ಹಲವು ವಾರ ಉಮಕ್ಕ ತೌಡಿನ ಮೂಲೆಗೇ ಹೋಗಲಿಲ್ಲ. ಆಮೇಲೊಂದು ದಿನ ಒಂದು ಸೇರು ತೌಡು ಹಬೆಗಿಟ್ಟಳು. ಮೊಳಕೆ ಹಿಟ್ಟು ಬೆರೆಸಿ ನೆನೆಸಿದಳು, ಆ ನೀರಲ್ಲೇ ಹಿಂಗಿಸಿ ಒಣಗಿಸಿದಳು. ಅದನ್ನು ಮನೆಯ ರೊಟ್ಟಿಗೆ ಹಾಕಿ ತಾನೂ ಗಂಡನೂ ತಿಂದರು. ಯಾರಾದರೂ ಕೇಳಿದರೆ, ರೊಟ್ಟಿ ಮೆತ್ತಗಾಗುತ್ತೆ, ಅಷ್ಟೇ ಎನ್ನುತ್ತಿದ್ದಳು. ಸಂಘದವರು ಮತ್ತೆ ಮಾತಾಡಲು ಕರೆದಾಗ ಹೋದಳು. ಮೈಕು ಬೇಡವೆಂದು ಕೆಳಗೇ ನಿಂತು, ಮನೆ ಮನೆಯಲ್ಲಿ ಹೇಳಿದ್ದನ್ನೇ ಹೇಳಿ ಕೂತಳು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಅಕ್ಷತಾಳಿಗೆ ಕುಣಿಗಲ್ಲಿನಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮವೆಂದು ಸಂಗಮೇಶ ಫೋನ್ ಮಾಡಿದ. ನೋಡಲು ಬನ್ನಿ ಎಂದು ಹೊಂಬಾಳಮ್ಮನಿಂದ ಕರೆ ಬರಲು ಕೆಲವು ದಿನ ಹಿಡಿಯಿತು. ಬಂದಾಗಲೂ ಅದು ಷಡಕ್ಷರಿಯವರ ಫೋನಿಗೆ ಬಂತು.

ಆ ಮನೆಯಲ್ಲಿ ಉಪಚಾರದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೈಕಾಲಿಗೆ ನೀರು, ಕಾಫಿ, ಎಲೆ ತುಂಬ ಊಟ. ಹೊಂಬಾಳಮ್ಮ ಮಳೆಯ ಬಗ್ಗೆ, ಕೊಬ್ಬರಿ ರೇಟಿನ ಬಗ್ಗೆ ಷಡಕ್ಷರಿಯವರೊಂದಿಗೆ ಮಾತಾಡಿದರು. ಉಮಕ್ಕನನ್ನು ಕೇಳಿದ್ದು, "ಇನ್ನೊಂಚೂರು ಬಡಿಸ್ಲಾ?" ಎಂದು ಮಾತ್ರ. ಬಾಣಂತಿಯ ಕೋಣೆಯಲ್ಲಿ ಅಕ್ಷತಾ ಮಗುವನ್ನು ಎತ್ತಿ ಅತ್ತೆಯ ಮಡಿಲಲ್ಲಿಟ್ಟಳು. ತುಟಿಗೆ ಬಣ್ಣ ಬಂದಿತ್ತು. ಉಮಕ್ಕ ಮೊದಲು ನೋಡಿದ್ದು ಅದನ್ನೇ. ನೋಡಿ, ತಕ್ಷಣ ಕಣ್ಣು ತಗ್ಗಿಸಿ ಮಗುವಿನ ಮುಷ್ಟಿ ಬಿಡಿಸುತ್ತಾ ಕೂತಳು.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸೊಬ್ಬಳು ಇಣುಕಿದಳು. "ಇವ್ರೇನಾ ಗುಬ್ಬಿ ಬೀಗ್ರು? ಏನೋ ಪುಡಿ ಮಾಡ್ತಾರೆ ಅಂತಿದ್ರಲ್ಲ, ಅವ್ರು?"

ಬರಲಿ, ಏನು ಬೇಕಾದರೂ ಬರಲಿ ಎಂದು ಉಮಕ್ಕ ತಲೆ ಬಗ್ಗಿಸಿ ಕಾದಳು. ಹೊಂಬಾಳಮ್ಮ ಬಾಗಿಲ ಬಳಿ ಬಾಣಂತಿಯ ಬಟ್ಟೆ ಮಡಚುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಹೂಂ, ಅವ್ರೇ. ಮೊಮ್ಮಗಳನ್ನ ನೋಡೋಕೆ ಬಂದವ್ರೆ. ನಿಮ್ಮ ಕರು ಹೆಂಗೈತೆ ಈಗ?" ಎಂದು ಮಾತನ್ನು ಬೇರೆ ಕಡೆಗೆ ತಿರುಗಿಸಿ, ಆಕೆಯನ್ನು ಅಂಗಳಕ್ಕೆ ಕರೆದೊಯ್ದರು.

ಉಮಕ್ಕನ ಮುಖ ಕಾದ ಹೆಂಚಾಯಿತು. ಸೊಸೆ ಒಂದು ಸಲ ತನ್ನ ಮಾನ ಕಾಯಲು ಹೋಗಿ ಹಾಸಿಗೆ ಹಿಡಿದಿದ್ದಳು. ಈಗ ಸೊಸೆಯ ತಾಯಿ. ಇಬ್ಬರಿಗೂ ತಾನು ಕೊಟ್ಟದ್ದೇನು ಎಂದು ಯೋಚಿಸುತ್ತಾ ಕೂತಿದ್ದಂತೆ ಮಗು ಸೀನಿತು. ಹೊಂಬಾಳಮ್ಮ ಒಳಗೆ ಬಂದವರು ಕಿಟಕಿಯನ್ನೊಮ್ಮೆ, ಉಮಕ್ಕನನ್ನೊಮ್ಮೆ ನೋಡಿದರು.

"ಅಲ್ಲಿ ಗಾಳಿ ಹೊಡೀತದೆ. ಇತ್ಲಾಗ್ ಬನ್ನಿ," ಎಂದು ಮಂಚದ ಮೇಲಿನ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು.

ಉಮಕ್ಕ ಮಗುವನ್ನು ಎದೆಗೊತ್ತಿಕೊಂಡು ಎದ್ದು, ಅವರು ತೋರಿಸಿದ ಕಡೆ ಹೋಗಿ ಕೂತಳು.